ಪನ್ನೀರಿಗೆ ಸೀದ ವಾಸನೆ: ಮನೆಯ ಬಟ್ಟಿಯಲ್ಲಿ ದೋಷ ಹುಡುಕುವ ಕ್ರಮ

ಮನೆಯಲ್ಲಿ ಗುಲಾಬಿ ಹೂವಿನಿಂದ ಪನ್ನೀರು ಇಳಿಸುವ ಹವ್ಯಾಸಕ್ಕೆ ಕೈಹಾಕಿದವರು ಮೊದಲ ಎರಡು ಮೂರು ಬಾರಿಯಲ್ಲೇ ಎದುರಿಸುವ ನಿರಾಶೆ ಒಂದೇ ಬಗೆಯದು. ಹೂವು ಘಮಘಮಿಸುತ್ತಿರುತ್ತದೆ, ಬಾಟಲಿಗೆ ಇಳಿದ ನೀರು ಮಾತ್ರ ಸೀದ ಅನ್ನದಂತೆಯೋ ಬೆಂದ ಸೊಪ್ಪಿನಂತೆಯೋ ನಾರುತ್ತದೆ. ಚಿಕ್ಕಬಳ್ಳಾಪುರದಲ್ಲಿ ಹೂವಿಗೆ ಕೊರತೆಯಿಲ್ಲದ ಕಾರಣ ನಾವು ಸಾಮಾನ್ಯವಾಗಿ ಹೂವನ್ನೇ ದೂರುತ್ತೇವೆ, ಮರುದಿನ ಬೇರೆ ತೋಟದ ಹೂವು ತರುತ್ತೇವೆ, ಮತ್ತೆ ಅದೇ ವಾಸನೆ. ನಾನು ಹೀಗೆ ಮೂರು ತೋಟಗಳನ್ನು ಬದಲಾಯಿಸಿದ ಮೇಲೆ ದೋಷ ನನ್ನ ಹಂಡೆಯ ತಳದಲ್ಲಿತ್ತೆಂದು ತಿಳಿಯಿತು. ಹೂವನ್ನು ಕಟ್ಟಕಡೆಗೆ ಅನುಮಾನಿಸಬೇಕು. ಬೆಂಕಿ, ನೀರು ಮತ್ತು ಕೊಳವೆಗಳನ್ನು ಮೊದಲು ಪರೀಕ್ಷಿಸಬೇಕು. ಈ ಬರಹದ ಕ್ರಮವೂ ಅದೇ.

ಮುಂದುವರಿಯುವ ಮುನ್ನ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕಾಗಿದೆ. ಇಲ್ಲಿ ಹೇಳುವುದೆಲ್ಲ ಹೂವು, ಎಲೆ ಮತ್ತು ಬೇರುಗಳನ್ನು ಬರೀ ನೀರಿನೊಂದಿಗೆ ಬಟ್ಟಿ ಇಳಿಸುವ ವಿಚಾರ. ಪರವಾನಗಿಯಿಲ್ಲದೆ ಮದ್ಯ ಇಳಿಸುವುದು, ಆ ಉದ್ದೇಶಕ್ಕೆ ಬಟ್ಟಿಯ ಸಾಮಗ್ರಿಯನ್ನು ಇಟ್ಟುಕೊಳ್ಳುವುದು, ಎರಡೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹವ್ಯಾಸಕ್ಕೆಂದು ಸ್ವಲ್ಪವೇ ಮಾಡಿದೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ನಮ್ಮ ಕಡೆ ಬಟ್ಟಿ ಎಂದೊಡನೆ ಜನರ ಮನಸ್ಸಿಗೆ ಬರುವುದು ಕಳ್ಳಬಟ್ಟಿಯೇ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆಯಲ್ಲೂ ಗಡಿಯಾಚೆಯ ಕೃಷ್ಣಗಿರಿಯಲ್ಲೂ ಮೀಥೈಲ್ ಆಲ್ಕೋಹಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆದ್ದರಿಂದ ಹಂಡೆಗೆ ಬೆಲ್ಲ, ಸಕ್ಕರೆ, ಹುದುಗು ಬಂದ ಹಣ್ಣು ಯಾವುದನ್ನೂ ಹಾಕಬಾರದು. ಅಕ್ಕಪಕ್ಕದವರು ಕೇಳಿದರೆ ಮುಚ್ಚಳ ತೆಗೆದು ಎಸಳುಗಳನ್ನು ತೋರಿಸಿಬಿಡುವುದು ಒಳ್ಳೆಯದು.

ನಾನು ಬಳಸುವ ಸಾಧನ ಸರಳವಾದದ್ದು. ಒಳಗೆ ಕಲಾಯಿ ಮಾಡಿಸಿದ ಹತ್ತು ಲೀಟರಿನ ತಾಮ್ರದ ಹಂಡೆ, ತಳದಿಂದ ನಾಲ್ಕು ಬೆರಳು ಎತ್ತರದಲ್ಲಿ ನಿಲ್ಲುವ ತೂತುಗಳ ತಟ್ಟೆ, ಗುಮ್ಮಟದಂತಹ ಮುಚ್ಚಳ, ಅದರಿಂದ ಹೊರಡುವ ಕೊಳವೆ, ಆ ಕೊಳವೆ ಸುರುಳಿಯಾಗಿ ಮುಳುಗಿರುವ ಅರವತ್ತು ಲೀಟರಿನ ನೀರಿನ ಡ್ರಮ್, ಡ್ರಮ್ಮಿನ ಕೆಳಗೆ ಗಾಜಿನ ಬಾಟಲಿ. ಒಂದು ಕಿಲೋ ಎಸಳಿಗೆ ಮೂರೂವರೆಯಿಂದ ನಾಲ್ಕು ಲೀಟರ್ ನೀರು ಹಾಕಿ ಒಂದು ಲೀಟರಿನಷ್ಟು ಪನ್ನೀರು ಇಳಿಸುತ್ತೇನೆ. ಪ್ರೆಶರ್ ಕುಕ್ಕರನ್ನು ಬಟ್ಟಿಯಾಗಿಸಿಕೊಂಡವರಿಗೂ ಮುಂದಿನ ಪರೀಕ್ಷೆಗಳು ಅನ್ವಯಿಸುತ್ತವೆ. ಅವರಿಗೆ ಮಾತ್ರ ಸಂಬಂಧಿಸಿದ ಅಪಾಯವನ್ನು ಪ್ರತ್ಯೇಕವಾಗಿ ಹೇಳುತ್ತೇನೆ.

ದೋಷವೇ ಅಲ್ಲದ ಮೂರು ಸಂಗತಿಗಳು

ಥರ್ಮಾಮೀಟರ್ 100 ಡಿಗ್ರಿ ತೋರಿಸುತ್ತಿಲ್ಲವೆಂದು ಬೆಂಕಿ ಹೆಚ್ಚಿಸುವವರಿದ್ದಾರೆ. ಎತ್ತರ ಮುನ್ನೂರು ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಚಿಕ್ಕಬಳ್ಳಾಪುರದಲ್ಲಿ ನೀರು 97ರ ಆಸುಪಾಸಿನಲ್ಲಿಯೇ ಕುದಿಯುತ್ತದೆ, ನಂದಿ ಬೆಟ್ಟದ ಮೇಲಾದರೆ 95ರ ಹತ್ತಿರ. ಬೆಂಕಿ ಎಷ್ಟು ಹೆಚ್ಚಿಸಿದರೂ ತೆರೆದ ಕೊಳವೆಯ ಬಟ್ಟಿಯಲ್ಲಿ ಈ ಅಂಕಿ ಏರುವುದಿಲ್ಲ, ತಳ ಮಾತ್ರ ಹತ್ತುತ್ತದೆ.

ಪನ್ನೀರಿನ ಮೇಲೆ ಎಣ್ಣೆ ತೇಲುತ್ತಿಲ್ಲವೆಂಬುದು ಎರಡನೆಯ ದೂರು. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರರಿಂದ ಐದು ಸಾವಿರ ಕಿಲೋ ಹೂವು ಬೇಕಾಗುತ್ತದೆ. ಒಂದು ಕಿಲೋ ಹೂವಿನಲ್ಲಿ ಸಿಗುವುದು ಗ್ರಾಮಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಅದೂ ನೀರಿನಲ್ಲೇ ಕರಗಿ, ಹಂಚಿಹೋಗಿರುತ್ತದೆ. ಗುಲಾಬಿಯ ಪರಿಮಳದ ಮುಖ್ಯ ಅಂಶವಾದ ಫೀನೈಲ್ ಈಥೈಲ್ ಆಲ್ಕೋಹಾಲ್ ನೀರಿನಲ್ಲಿ ಚೆನ್ನಾಗಿ ಕರಗುವ ವಸ್ತು. ಹಾಗಾಗಿಯೇ ಎಣ್ಣೆ ಕಾಣದ ಪನ್ನೀರಿಗೂ ಗುಲಾಬಿಯ ಕಂಪು ಇರುತ್ತದೆ. ತೆಳುವಾದ ಹಾಲಿನಂತಹ ಮಬ್ಬು ಕಂಡರೆ ಅದು ಎಣ್ಣೆಯ ಅತಿಸೂಕ್ಷ್ಮ ಹನಿಗಳು, ಸಂತೋಷಪಡಬೇಕಾದ ಲಕ್ಷಣ.

ಮೂರನೆಯದು ಆಗತಾನೇ ಇಳಿದ ಪನ್ನೀರಿನ ಹಸಿ ವಾಸನೆ. ಬಟ್ಟಿಯಿಂದ ಬಂದ ದಿನ ಪನ್ನೀರು ಸ್ವಲ್ಪ ಬೆಂದ ತರಕಾರಿಯಂತೆ ಇರುವುದು ಸಹಜ. ಬಾಟಲಿಯ ಬಾಯಿಗೆ ಶುದ್ಧವಾದ ಬಟ್ಟೆ ಕಟ್ಟಿ ಒಂದು ರಾತ್ರಿ ತಂಪಾದ ಜಾಗದಲ್ಲಿಟ್ಟು, ಆಮೇಲೆ ಮುಚ್ಚಿ ವಾರದಿಂದ ಹತ್ತು ದಿನ ಬಿಟ್ಟರೆ ಈ ವಾಸನೆ ತಗ್ಗಿ ಹೂವಿನ ಕಂಪು ಮೇಲೆ ಬರುತ್ತದೆ. ಹತ್ತು ದಿನ ಕಳೆದರೂ ವಾಸನೆ ಹಾಗೆಯೇ ಇದ್ದರೆ ದೋಷ ಹುಡುಕಲು ತೊಡಗಬಹುದು. ಸೀದ ವಾಸನೆ ಮಾತ್ರ ಈ ರೀತಿ ಇಳಿಯುವುದಿಲ್ಲ; ಅದು ಮೊದಲ ದಿನ ಇದ್ದರೆ ತಿಂಗಳಾದರೂ ಇರುತ್ತದೆ.

ಬರೀ ನೀರಿನ ಬಟ್ಟಿ

ದೋಷ ಕೊಳವೆ, ನೀರುಗಳಲ್ಲಿದೆಯೋ ಬೇರೆಲ್ಲೋ ಇದೆಯೋ ಎಂದು ಬೇರ್ಪಡಿಸಿ ತೋರಿಸುವ ಪರೀಕ್ಷೆ ಇದೊಂದೇ ಆಗಿರುವುದರಿಂದ ಇದನ್ನು ಬಿಟ್ಟು ಮುಂದೆ ಹೋಗಬಾರದು. ಹಂಡೆಯನ್ನು ಎಂದಿನಂತೆ ತೊಳೆದು, ಹೂವಿಲ್ಲದೆ ಎರಡು ಲೀಟರ್ ನೀರನ್ನಷ್ಟೇ ಹಾಕಿ, ಎಂದಿನ ಉರಿಯಲ್ಲೇ ಕಾಲು ಲೀಟರ್ ನೀರು ಇಳಿಸಬೇಕು. ಈ ನೀರನ್ನು ಒಂದು ಗಾಜಿನ ಲೋಟಕ್ಕೂ, ವಾಸನೆಯಿಲ್ಲದ ಕುಡಿಯುವ ನೀರನ್ನು ಅಂಥದೇ ಇನ್ನೊಂದು ಲೋಟಕ್ಕೂ ಹಾಕಿ, ಎರಡೂ ತಣಿದ ಮೇಲೆ ಯಾವುದು ಯಾವುದೆಂದು ತಿಳಿಯದ ಮನೆಯವರೊಬ್ಬರಿಂದ ಮೂಸಿ ನೋಡಿಸಬೇಕು. ನಮ್ಮ ಮೂಗು ಅಷ್ಟು ಹೊತ್ತಿಗೆ ಗುಲಾಬಿಗೆ ಒಗ್ಗಿಹೋಗಿರುವ ಕಾರಣ ಅದನ್ನು ನಂಬುವಂತಿಲ್ಲ.

ಬರೀ ನೀರಿನ ಬಟ್ಟಿಯಲ್ಲೂ ವಾಸನೆ ಬಂದರೆ ಅದರ ಬಗೆಯನ್ನು ಗುರುತಿಸಬೇಕು. ಸೈಕಲ್ ಟ್ಯೂಬಿನಂತಹ ವಾಸನೆ ಬಂದರೆ ಆವಿ ತಾಗುವೆಡೆ ಎಲ್ಲೋ ಸಾಮಾನ್ಯ ರಬ್ಬರ್ ಅಥವಾ ಪ್ಲಾಸ್ಟಿಕ್ ಕೊಳವೆ ಇದೆಯೆಂದು ಅರ್ಥ. ಆಹಾರಕ್ಕೆ ತಕ್ಕ ಸಿಲಿಕೋನ್ ಕೊಳವೆಗೆ ಬದಲಾಯಿಸಬೇಕು. ನಲ್ಲಿಕಟ್ಟೆಯ ಔಷಧಿಯ ವಾಸನೆ ಬಂದರೆ ಅದು ಕ್ಲೋರಿನ್, ಎಲ್ಲಕ್ಕಿಂತ ಮೊದಲು ಆವಿಯಾಗಿ ಬರುವಂಥದ್ದು. ನಲ್ಲಿ ನೀರನ್ನು ಅಗಲವಾದ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಟ್ಟು ಬಳಸಬೇಕು. ಹಿಂದಿನ ಬಾರಿ ಇಳಿಸಿದ ಮಜ್ಜಿಗೆ ಹುಲ್ಲಿನದೋ ಲಾವಂಚದ್ದೋ ವಾಸನೆ ಬಂದರೆ ಸುರುಳಿಯೊಳಗೆ ಎಣ್ಣೆ ಕುಳಿತಿದೆ. ಸುರುಳಿಯ ಡ್ರಮ್ಮನ್ನು ಖಾಲಿ ಮಾಡಿ ಹತ್ತು ನಿಮಿಷ ಆವಿಯನ್ನು ನೇರವಾಗಿ ಹಾಯಿಸಿದರೆ ಹೋಗುತ್ತದೆ, ಆಗ ಕೊಳವೆಯ ತುದಿಯಿಂದ ಬರುವುದು ಸುಡುವ ಆವಿಯಾದ್ದರಿಂದ ಕೈ, ಮುಖ ದೂರವಿರಬೇಕು. ಲೋಹದ ವಾಸನೆಯ ಜೊತೆಗೆ ನೀರಿಗೆ ನಸು ಹಸಿರೋ ನೀಲಿಯೋ ಬಣ್ಣವಿದ್ದರೆ ಅದು ತಾಮ್ರದ ಕಿಲುಬು. ಆ ನೀರನ್ನೂ ಅದಕ್ಕೆ ಹಿಂದೆ ಇಳಿಸಿದ ಪನ್ನೀರನ್ನೂ ಚೆಲ್ಲಬೇಕು, ಕಲಾಯಿ ಹೋಗಿದ್ದರೆ ಮತ್ತೆ ಮಾಡಿಸಬೇಕು. ಕಲಾಯಿಗೂ ಬೆಸುಗೆಗೂ ಸೀಸವಿಲ್ಲದ ತವರವನ್ನೇ ಬಳಸುವಂತೆ ಕೆಲಸದವರಿಗೆ ಬಾಯಿಬಿಟ್ಟು ಹೇಳಬೇಕು.

ಬರೀ ನೀರಿನ ಬಟ್ಟಿ ಶುದ್ಧವಾಗಿ ಬಂದರೆ ಕೊಳವೆಗಳು ನಿರ್ದೋಷಿ. ಇನ್ನುಳಿದದ್ದು ಉರಿ, ತಳ ಮತ್ತು ಹೂವು.

ಸೀದ ವಾಸನೆಯ ಮೂಲ

ಎಸಳು ಸೀಯುವುದು ಹಂಡೆಯ ತಳಕ್ಕೆ ನೇರವಾಗಿ ತಾಗಿ ಕುಳಿತಾಗ. ಹೀಗೆ ಕೂರಲು ನಾಲ್ಕು ದಾರಿಗಳಿವೆ: ತೂತಿನ ತಟ್ಟೆ ಇಲ್ಲದಿರುವುದು ಅಥವಾ ಓರೆಯಾಗಿ ಕುಸಿದಿರುವುದು, ಉರಿ ಜೋರಾಗಿರುವುದು, ನೀರು ತೀರಾ ಇಳಿದ ಮೇಲೂ ಬಟ್ಟಿ ಮುಂದುವರಿಸುವುದು, ಮತ್ತು ತಳದಲ್ಲಿ ಸುಣ್ಣದ ಹಕ್ಕಳೆ ಕಟ್ಟಿರುವುದು. ಮೊದಲ ಮೂರನ್ನು ಕಣ್ಣಿಂದಲೇ ಕಂಡುಹಿಡಿಯಬಹುದು. ನಾಲ್ಕನೆಯದು ಬಯಲುಸೀಮೆಯ ನಮ್ಮ ಮೂರೂ ಜಿಲ್ಲೆಗಳ ವಿಶೇಷ ತೊಂದರೆಯಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರುಗಳ ಆಳದ ಕೊಳವೆಬಾವಿಗಳ ನೀರು ಬಹುಪಾಲು ಗಡುಸು. ಹಲವು ಕಡೆ ಫ್ಲೋರೈಡ್ ಕೂಡ ಇದೆ. ಫ್ಲೋರೈಡ್ ಲವಣಗಳು ಆವಿಯ ಜೊತೆ ಬಾರದೆ ಹಂಡೆಯಲ್ಲೇ ಉಳಿಯುತ್ತವೆ, ಆದ್ದರಿಂದ ಪನ್ನೀರಿನ ಮಟ್ಟಿಗೆ ಅವುಗಳ ಚಿಂತೆಯಿಲ್ಲ. ಗಡುಸುತನದ ವಿಷಯ ಬೇರೆ. ಕಾದಾಗ ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಕಟ್ಟುತ್ತದೆ, ಬಚ್ಚಲ ಹಂಡೆಯ ಒಳಗೆ ನಾವೆಲ್ಲ ನೋಡಿರುವ ಅದೇ ಬಿಳಿ ಹಕ್ಕಳೆ. ಈ ಪದರ ಶಾಖವನ್ನು ನೀರಿಗೆ ಸರಿಯಾಗಿ ದಾಟಿಸುವುದಿಲ್ಲ. ಅದರಡಿಯ ಲೋಹ ಅಲ್ಲಲ್ಲಿ ಅತಿಯಾಗಿ ಕಾಯುತ್ತದೆ. ತಟ್ಟೆಯ ತೂತುಗಳಿಂದ ಜಾರಿದ ಎಸಳಿನ ಚೂರುಗಳು ಆ ಒರಟಿಗೆ ಅಂಟಿಕೊಂಡು, ನೀರು ಆಡದ ಸಂದಿನಲ್ಲಿ ಸೀಯುತ್ತವೆ. ಹಂಡೆ ತೊಳೆದಾಗ ಚೂರುಗಳು ಹೋಗುತ್ತವೆ, ಹಕ್ಕಳೆ ಉಳಿಯುತ್ತದೆ. ಬರೀ ನೀರಿನ ಬಟ್ಟಿಯಲ್ಲಿ ಸೀಯಲು ಏನೂ ಇಲ್ಲದ ಕಾರಣ ಅದು ಶುದ್ಧವಾಗಿಯೇ ಬರುತ್ತದೆ, ನಾವು ಮತ್ತೆ ಹೂವನ್ನೇ ದೂರುತ್ತೇವೆ. ನನಗೆ ಆದದ್ದು ಇದೇ. ಪಾಪ, ಹೂವು ಕೊಟ್ಟವರು "ಅಣ್ಣ, ಬೆಳಿಗ್ಗೆ ಆರಕ್ಕೇ ಕಿತ್ತಿದ್ದು, ನೀವೇ ಬಂದು ನೋಡಿ" ಎಂದು ಎಷ್ಟು ಹೇಳಿದರೂ ನಾನು ಒಪ್ಪಿರಲಿಲ್ಲ. ಆ ತೋಟಕ್ಕೆ ಮತ್ತೆ ಹೋಗಿ ತಪ್ಪು ನನ್ನದೆಂದು ಹೇಳಿ ಬಂದೆ.

ಪರೀಕ್ಷೆ ಹೀಗಿದೆ. ಹಂಡೆಯನ್ನು ಒಣಗಿಸಿ, ಬೆರಳಿನ ಉಗುರಿನಿಂದ ತಳವನ್ನು ಗೀರಿ ನೋಡಿ. ನುಣುಪಾಗಿದ್ದರೆ ಸರಿ, ಮರಳು ಕಾಗದದಂತೆ ತಾಗಿದರೆ, ನಿಂಬೆರಸದ ಒಂದು ಹನಿ ಬಿಟ್ಟಾಗ ಸಣ್ಣಗೆ ನೊರೆ ಎದ್ದರೆ, ಅದು ಸುಣ್ಣ. ಅದನ್ನು ಕೆರೆದು ತೆಗೆಯಲು ಹೋದರೆ ಕಲಾಯಿಯೂ ಹೋಗುತ್ತದೆ. ಎರಡು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು, ಅಂದರೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಹರಳು, ಕರಗಿಸಿ ಅರ್ಧ ಗಂಟೆ ಬಿಟ್ಟು ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಸಾಕು. ವಿನಿಗರ್ ಕೂಡ ಸುಣ್ಣವನ್ನು ಕರಗಿಸುತ್ತದೆ, ಆದರೆ ಅದರ ಆಮ್ಲ ಆವಿಯಾಗುವಂಥದ್ದು. ಸರಿಯಾಗಿ ತೊಳೆಯದಿದ್ದರೆ ಮುಂದಿನ ಪನ್ನೀರಿಗೆ ಹುಳಿ ವಾಸನೆ ಹತ್ತುತ್ತದೆ. ಹಕ್ಕಳೆ ಮತ್ತೆ ಕಟ್ಟದಿರಲು ನೀರನ್ನೇ ಬದಲಾಯಿಸಬೇಕು. ಚಾವಣಿಯಿಂದ ಹಿಡಿದು ಸೋಸಿದ ಮಳೆನೀರು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದೆಂಬುದು ನನ್ನ ಅನುಭವ, ಮೊದಲ ಮಳೆಯ ನೀರನ್ನು ಮಾತ್ರ ಬಿಟ್ಟುಬಿಡಬೇಕು. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರೂ ಆಗುತ್ತದೆ.

ಉರಿಯ ವಿಷಯದಲ್ಲಿ ಗಡಿಯಾರವೇ ಅಳತೆಗೋಲು. ಒಂದು ಲೀಟರ್ ಪನ್ನೀರು ಇಳಿಯಲು ಒಂದರಿಂದ ಒಂದೂವರೆ ಗಂಟೆ ಹಿಡಿದರೆ ಉರಿ ಸರಿಯಿದೆ, ಅರ್ಧ ಗಂಟೆಯಲ್ಲಿ ಮುಗಿದರೆ ಜೋರಾಯಿತು. ಗ್ಯಾಸ್ ಒಲೆಯಲ್ಲಿ ನೀರು ಕುದಿ ಬರುವವರೆಗೆ ದೊಡ್ಡ ಉರಿ, ಮೊದಲ ಹನಿ ಬಿದ್ದೊಡನೆ ಸಣ್ಣ ಉರಿ. ಸೌದೆ ಒಲೆಯಲ್ಲಿ ಇದನ್ನು ಸಾಧಿಸುವುದು ಕಷ್ಟ, ಕೊನೆಯ ಅರ್ಧ ಗಂಟೆ ಕೆಂಡದ ಮೇಲೆ ಬಿಟ್ಟರೆ ತಳ ಹತ್ತುವುದು ತಪ್ಪುತ್ತದೆ. ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯಲು ಪನ್ನೀರನ್ನು ಒಂದೇ ಬಾಟಲಿಗೆ ಬಿಡದೆ ಇನ್ನೂರು ಮಿಲಿಲೀಟರಿನ ಐದು ಸಣ್ಣ ಬಾಟಲಿಗಳಿಗೆ ಕ್ರಮವಾಗಿ ಹಿಡಿಯಬೇಕು. ಎರಡನೆಯ, ಮೂರನೆಯ ಬಾಟಲಿ ಘಮ್ಮೆಂದು, ಐದನೆಯದು ಮಾತ್ರ ಕೆಟ್ಟಿದ್ದರೆ ನೀವು ತಡವಾಗಿ ನಿಲ್ಲಿಸಿದ್ದೀರಿ. ಮೊದಲನೆಯದರಿಂದಲೇ ಸೀದಿದ್ದರೆ ತಳವನ್ನೋ ತಟ್ಟೆಯನ್ನೋ ನೋಡಬೇಕು. ಒಂದೇ ಬಾಟಲಿಗೆ ಹಿಡಿದವರಿಗೆ ಈ ಸುಳಿವು ಸಿಗುವುದೇ ಇಲ್ಲ.

ಪನ್ನೀರು ಕಡಿಮೆ ಇಳಿಯುವುದು

ಇದಕ್ಕೆ ಕಾರಣ ಒಂದೋ ಸಂದುಗಳಲ್ಲಿ ಆವಿಯ ಸೋರಿಕೆ, ಇಲ್ಲವೇ ಡ್ರಮ್ಮಿನ ನೀರು ಬಿಸಿಯಾಗಿರುವುದು. ಬಟ್ಟಿ ಶುರುವಾಗುವ ಮುನ್ನ ಮುಚ್ಚಳ ಸಮೇತ ತುಂಬಿದ ಹಂಡೆಯನ್ನು ತೂಗಿ, ಮುಗಿದು ತಣಿದ ಮೇಲೆ ಮತ್ತೆ ತೂಗಬೇಕು. ಹಂಡೆಯಲ್ಲಿ ಇಳಿದ ತೂಕವೂ ಬಾಟಲಿಗಳಲ್ಲಿ ಏರಿದ ತೂಕವೂ ಹೆಚ್ಚುಕಡಿಮೆ ಒಂದೇ ಇರಬೇಕು; ವ್ಯತ್ಯಾಸವೆಷ್ಟೋ ಅಷ್ಟು ಆವಿ ಗಾಳಿಗೆ ಹೋಗಿದೆ, ಪರಿಮಳವೂ ಅದರ ಜೊತೆಗೆ. ಸೋರುವ ಜಾಗ ಕಾಣದಿದ್ದರೆ ತಣ್ಣಗಿನ ಸ್ಟೀಲ್ ಚಮಚವನ್ನು ಸಂದಿನ ಸುತ್ತ ಹಿಡಿದು ನೋಡಿ, ಮಂಜು ಕಟ್ಟಿದ ಕಡೆ ಸೋರಿಕೆ.

ಸಂದು ಮುಚ್ಚಲು ಮೈದಾ ಅಥವಾ ಗೋಧಿಯ ಕಣಕವೇ ಸರಿ. ಮನೆಯಲ್ಲಿ ಕೈಗೆ ಸಿಗುವುದು ರಾಗಿ ಹಿಟ್ಟು, ಆದರೆ ರಾಗಿಯಲ್ಲಿ ಜಿಗುಟು ಕೊಡುವ ಗ್ಲುಟೆನ್ ಇಲ್ಲದ ಕಾರಣ ಕಾದೊಡನೆ ಬಿರುಕು ಬಿಡುತ್ತದೆ. ನಲ್ಲಿ ಕೆಲಸದ ರಾಸಾಯನಿಕ ಅಂಟುಗಳನ್ನು ಆವಿ ತಾಗುವೆಡೆ ಬಳಸಲೇಬಾರದು. ಉತ್ತರ ಪ್ರದೇಶದ ಕನೌಜಿನ ಅತ್ತರಿನ ಕುಶಲಕರ್ಮಿಗಳು ಇಂದಿಗೂ ದೇಗ್ ಎಂಬ ತಾಮ್ರದ ಹಂಡೆಯ ಬಾಯಿಯನ್ನು ಜೇಡಿಮಣ್ಣಿನಿಂದಲೇ ಮುಚ್ಚುತ್ತಾರೆ. ಒತ್ತಡ ಮೀರಿದರೆ ಮಣ್ಣೇ ಮೊದಲು ಬಿಟ್ಟುಕೊಡುತ್ತದೆ. ಕಣಕಕ್ಕೂ ಅದೇ ಗುಣವಿದೆ.

ತಣ್ಣೀರಿನ ಲೆಕ್ಕವನ್ನು ಬಹಳ ಮಂದಿ ಕಡಿಮೆ ಅಂದಾಜು ಮಾಡುತ್ತಾರೆ. ಒಂದು ಲೀಟರ್ ಪನ್ನೀರಿನಷ್ಟು ಆವಿ ನೀರಾಗಿ ತಣಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 2500 ಕಿಲೋಜೂಲ್. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ಅದು 30 ಡಿಗ್ರಿಯಷ್ಟು ಕಾಯಿಸಬಲ್ಲದು. ಅಂದರೆ ಬಕೆಟ್ಟಿನಲ್ಲಿ ಸುರುಳಿ ಮುಳುಗಿಸಿದವರ ನೀರು ಬೇಸಿಗೆಯಲ್ಲಿ 55 ಡಿಗ್ರಿ ದಾಟುತ್ತದೆ, ಪನ್ನೀರು ಬಿಸಿಯಾಗಿಯೇ ಬಾಟಲಿಗೆ ಬೀಳುತ್ತದೆ, ಪರಿಮಳ ಕೋಣೆಯ ತುಂಬ ಹರಡುತ್ತದೆ. ಕೋಣೆ ಘಮಘಮಿಸುತ್ತಿದ್ದರೆ ಅದು ಬಾಟಲಿಗೆ ಆದ ನಷ್ಟ. ಅರವತ್ತು ಲೀಟರಿನ ಡ್ರಮ್ ಆದರೆ ಹತ್ತು ಡಿಗ್ರಿಯಷ್ಟೇ ಏರುತ್ತದೆ. ಬಿಸಿನೀರು ಮೇಲಕ್ಕೇರುವುದರಿಂದ ಹೊಸ ತಣ್ಣೀರನ್ನು ಕೊಳವೆಯ ಮೂಲಕ ಡ್ರಮ್ಮಿನ ತಳಕ್ಕೆ ಬಿಟ್ಟು ಮೇಲಿನದನ್ನು ಹೊರಗೆ ಹರಿಸಬೇಕು. ನೀರಿನ ಬೆಲೆ ತಿಳಿದಿರುವ ಜಿಲ್ಲೆ ನಮ್ಮದು; ಹೊರಗೆ ಹರಿದ ನೀರನ್ನು ತಣಿಸಿ ಗಿಡಗಳಿಗೆ ಹಾಕುವ ಏರ್ಪಾಡಿಲ್ಲದೆ ಬಟ್ಟಿ ಹಚ್ಚುವುದು ನನಗೆ ಸರಿಯೆನಿಸುವುದಿಲ್ಲ. ಬಾಟಲಿಗೆ ಬೀಳುವ ಪನ್ನೀರು ಮುಟ್ಟಿದರೆ ಬೆಚ್ಚಗೂ ಇರಬಾರದು.

ಬಣ್ಣ ಬಂದರೆ, ಪನ್ನೀರು ಹಿಂದಕ್ಕೆ ಎಳೆದುಕೊಂಡರೆ

ಪನ್ನೀರಿಗೆ ಬಣ್ಣವೇ ಇರಬಾರದು. ನಸುಗೆಂಪು ಅಥವಾ ಹಳದಿ ಕಂಡರೆ ಹಂಡೆಯ ನೀರೇ ನೊರೆಯಾಗಿ ಉಕ್ಕಿ ಕೊಳವೆ ಸೇರಿದೆ. ಹಂಡೆಯನ್ನು ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬದಿದ್ದರೆ, ಉರಿ ತಗ್ಗಿಸಿದರೆ ಇದು ನಿಲ್ಲುತ್ತದೆ. ಒಲೆ ಆರಿಸಿದೊಡನೆ ಬಾಟಲಿಯ ಪನ್ನೀರು ಸರ್ರನೆ ಹಂಡೆಗೆ ವಾಪಸಾಗುವುದು ಇನ್ನೊಂದು ಅವಘಡ. ಒಳಗಿನ ಆವಿ ತಣಿದು ನಿರ್ವಾತವಾಗಿ ಹೀಗಾಗುತ್ತದೆ. ಕೊಳವೆಯ ತುದಿ ಪನ್ನೀರಿನಲ್ಲಿ ಮುಳುಗದೆ ಮೇಲೆಯೇ ಇರಬೇಕು, ಅಷ್ಟೇ.

ಪ್ರೆಶರ್ ಕುಕ್ಕರ್ ಬಳಸುವವರಿಗೆ ಇಲ್ಲಿ ನಿಜವಾದ ಅಪಾಯವಿದೆ. ವೆಯ್ಟ್ ಕೂರುವ ಕಿರಿದಾದ ರಂಧ್ರಕ್ಕೆ ಕೊಳವೆ ಜೋಡಿಸಿರುವುದರಿಂದ, ಉಕ್ಕಿದ ಒಂದೇ ಎಸಳು ಅದನ್ನು ಮುಚ್ಚಬಲ್ಲದು. ಸೇಫ್ಟಿ ವಾಲ್ವನ್ನು ಯಾವ ಕಾರಣಕ್ಕೂ ಮುಚ್ಚಬಾರದು, ಬದಲಾಯಿಸಬಾರದು. ಎಸಳುಗಳನ್ನು ತೆಳುವಾದ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಯೇ ಹಾಕಬೇಕು. ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಕುದಿಯುತ್ತಿರುವ ಸದ್ದಿದ್ದೂ ಹನಿ ಬೀಳುವುದು ನಿಂತರೆ ತಕ್ಷಣ ಒಲೆ ಆರಿಸಿ ದೂರ ಸರಿಯಬೇಕು. ಪೂರ್ತಿ ತಣಿಯುವವರೆಗೆ ಮುಚ್ಚಳವನ್ನಾಗಲಿ ಕೊಳವೆಯನ್ನಾಗಲಿ ಮುಟ್ಟಬಾರದು.

ಕೊನೆಗೆ ಹೂವು

ಮೇಲಿನದೆಲ್ಲ ಸರಿಯಿದ್ದೂ ಪನ್ನೀರಿಗೆ ಕಂಪಿಲ್ಲದಿದ್ದರೆ ಆಗ ಹೂವನ್ನು ನೋಡಬೇಕು. ಬೊಕೆಗೆಂದು ಬೆಳೆಯುವ ಉದ್ದ ಕಾಂಡದ ಗುಲಾಬಿಗಳಲ್ಲಿ ಬಹಳಷ್ಟಕ್ಕೆ ಅಂದವಿದೆ, ಪರಿಮಳವಿಲ್ಲ. ಮೂಸಿದಾಗ ಇಲ್ಲದ ಕಂಪು ಬಟ್ಟಿಯಲ್ಲಿ ಹುಟ್ಟುವುದಿಲ್ಲ. ಪನ್ನೀರು ಗುಲಾಬಿ ಎಂದೇ ಕರೆಯುವ ನಾಟಿ ತಳಿ ಸಿಕ್ಕರೆ ಅದನ್ನೇ ತರಬೇಕು. ಬಿಸಿಲೇರುವ ಮುನ್ನ ಕಿತ್ತ ಹೂವಿನಲ್ಲಿ ಎಣ್ಣೆ ಹೆಚ್ಚು, ಮಧ್ಯಾಹ್ನದ ಹೊತ್ತಿಗೆ ಬಹಳ ಇಳಿದಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಅದುಮಿ ತಂದ ಹೂವಿನ ನಡುವೆ ಕೈಯಿಟ್ಟು ನೋಡಿ: ಬೆಚ್ಚಗಿದ್ದರೆ ಹುದುಗು ಶುರುವಾಗಿದೆ, ಪನ್ನೀರಿಗೆ ಹುಳಿ ವಾಸನೆ ಖಚಿತ. ಬಿದಿರು ಬುಟ್ಟಿಯಲ್ಲಿ ಸಡಿಲವಾಗಿ ತಂದು, ಹಸಿರು ತೊಟ್ಟುಗಳನ್ನು ಬಿಡಿಸಿ, ಎರಡು ಮೂರು ಗಂಟೆಯೊಳಗೆ ಹಂಡೆಗೆ ಹಾಕಬೇಕು.

ಹಾಳಾದ ಮೊಟ್ಟೆಯ ವಾಸನೆ ಬಂದು, ಹಂಡೆಯ ತಾಮ್ರದ ಮುಚ್ಚಳ ಒಳಗೆ ಕಪ್ಪಾಗಿದ್ದರೆ ಬೂದಿ ರೋಗಕ್ಕೆ ಎರಚಿದ ಗಂಧಕವನ್ನು ಅನುಮಾನಿಸಬೇಕು. ಮಾರುಕಟ್ಟೆಯ ಗುಲಾಬಿಗೆ ನುಸಿ, ಥ್ರಿಪ್ಸ್‌ಗಳಿಗೂ ಔಷಧಿ ಹೊಡೆದಿರುತ್ತಾರೆ. ಕುಡಿಯಲು, ಸಿಹಿ ತಿನಿಸಿಗೆ ಅಥವಾ ಮುಖಕ್ಕೆ ಬಳಸುವ ಪನ್ನೀರಿಗೆ ಔಷಧಿ ಹೊಡೆಯದ ಹೂವೇ ಆಗಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಹಿತ್ತಲಲ್ಲಿ ಹತ್ತು ಗಿಡ ಹಾಕಿಕೊಳ್ಳುವುದು ದೊಡ್ಡ ಕೆಲಸವೇನಲ್ಲ.

ಚೆನ್ನಾಗಿ ಇಳಿದ ಪನ್ನೀರು ಬಾಟಲಿಯಲ್ಲಿ ಕೆಡುವುದೂ ಉಂಟು. ಬೆಳಕಿಗೆ ಹಿಡಿದಾಗ ಹತ್ತಿಯ ಎಳೆಯಂತಹ ಬಿಳಿ ತೇಲು ಕಂಡರೆ ಅದು ಬೂಷ್ಟು. ಸೋಸಿ, ಕುದಿಸಿ ಉಳಿಸಿಕೊಳ್ಳುವ ಪ್ರಯತ್ನ ಬೇಡ, ಚೆಲ್ಲಿಬಿಡಿ. ಬಾಟಲಿಯನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ಒಣಗಿಸಿ, ಕತ್ತಿನವರೆಗೆ ತುಂಬಿ, ಫ್ರಿಜ್ಜಿನಲ್ಲಿಟ್ಟರೆ ಆರು ತಿಂಗಳು ಬಾಳುತ್ತದೆ. ಪ್ರತಿ ಬಾಟಲಿಯ ಮೇಲೆ ಇಳಿಸಿದ ತಾರೀಕು, ಎಷ್ಟನೆಯ ಬಾಟಲಿ, ಯಾವ ನೀರು, ಯಾವ ತೋಟದ ಹೂವು ಎಂದು ಬರೆದಿಡಿ. ಮುಂದಿನ ಬಾರಿ ವಾಸನೆ ಕೆಟ್ಟಾಗ ಹುಡುಕಾಟ ಶುರುವಾಗುವುದು ಆ ಚೀಟಿಯಿಂದಲೇ.